ಊರಿಲ್ಲದ ನಾಯಕ, ಊರೇ ಹೆಸರಾದ ನಾಯಕ

ಕಳೆದ ಸಮ್ಮೇಳನದ ಮಧ್ಯಾಹ್ನ, ಗೋಷ್ಠಿಗಳು ಮುಗಿದು ಊಟದ ಪಂಕ್ತಿಯಲ್ಲಿ ಕುಳಿತಿದ್ದಾಗ, ನನ್ನ ಎಡಬಲದಲ್ಲಿ ಕುಳಿತಿದ್ದ ಇಬ್ಬರು ತರುಣರ ನಡುವೆ ಒಂದು ವಾದ ಹೊತ್ತಿಕೊಂಡಿತು. ಅದು ಕುಮಾರವ್ಯಾಸನ ಕುರಿತಾಗಿರಲಿಲ್ಲ, ಬೇಂದ್ರೆಯವರ ಕುರಿತಾಗಿಯೂ ಇರಲಿಲ್ಲ. ಇಟಲಿಯವರು ತೆಗೆದ ಕುದುರೆ ಬಂದೂಕಿನ ಚಿತ್ರಗಳಲ್ಲಿ ಯಾವ ನಟ ಎಲ್ಲರಿಗಿಂತ ದೊಡ್ಡವನು ಎಂಬುದೇ ಅವರ ವಾದ. ಒಬ್ಬನದು ಕ್ಲಿಂಟ್ ಈಸ್ಟ್‌ವುಡ್ ಪಕ್ಷ, ಇನ್ನೊಬ್ಬನದು ಫ್ರಾಂಕೊ ನೀರೊ ಪಕ್ಷ. ಶೇಂಗಾ ಹೋಳಿಗೆ ಎಲೆಯಲ್ಲಿ ಆರುತ್ತಿದ್ದರೂ ಇಬ್ಬರಿಗೂ ಅದರ ಪರಿವೆ ಇರಲಿಲ್ಲ. ಕಡೆಗೆ ಈಸ್ಟ್‌ವುಡ್ ಪಕ್ಷದವನು ನನ್ನತ್ತ ತಿರುಗಿ, “ನೀವ ಹೇಳ್ರಿ ಗುರುಗಳ, ಅಂವಾ ಮಾತಾಡೂದಿಲ್ಲ, ಬರೇ ನೋಡ್ತಾನ. ಅದಕ್ಕಽ ಅಂವಾ ದೊಡ್ಡಾಂವ, ಹೌದಲ್ಲರಿ?” ಎಂದು ಕೇಳಿದ. ನಾನು ಅಂದು ನಕ್ಕು ಸುಮ್ಮನಾದೆ. ಹಾಗೆ ಸುಮ್ಮನಾದದ್ದು ತಪ್ಪಾಯಿತೆಂದು ಆಮೇಲೆ ಅನ್ನಿಸಿತು. ಅಂದು ಹೇಳಬೇಕಾಗಿದ್ದುದನ್ನು ಈಗ ಈ ಸ್ಮರಣ ಸಂಚಿಕೆಯ ಮೂಲಕ ಹೇಳುತ್ತಿದ್ದೇನೆ.

ಸಾಹಿತ್ಯದ ಸಂಚಿಕೆಯಲ್ಲಿ ಸಿನಿಮಾ ನಟರ ಹೋಲಿಕೆಯೇ ಎಂದು ಹಿರಿಯರು ಹುಬ್ಬೇರಿಸಬಹುದು. ನಮ್ಮ ಮಕ್ಕಳು ಯಾರನ್ನು ನಾಯಕನೆಂದು ಒಪ್ಪಿಕೊಳ್ಳುತ್ತಾರೆ, ಯಾರ ನಡಿಗೆಯನ್ನು ನಡೆಯುತ್ತಾರೆ, ಯಾರ ಮಾತನ್ನು ಆಡುತ್ತಾರೆ ಎಂಬುದು ಸಾಹಿತ್ಯದ ಪ್ರಶ್ನೆಯಲ್ಲವೆಂದರೆ, ಸಾಹಿತ್ಯಕ್ಕೆ ಬೇರೆ ಯಾವ ಪ್ರಶ್ನೆ ಉಳಿಯಿತು?

ಈ ಚಿತ್ರಗಳನ್ನು ಕಾಣದವರಿಗಾಗಿ ಎರಡು ಮಾತು. 1964ರಲ್ಲಿ ಸೆರ್ಜಿಯೊ ಲಿಯೋನೆ ಎಂಬ ಇಟಲಿಯ ನಿರ್ದೇಶಕರು ‘ಎ ಫಿಸ್ಟ್‌ಫುಲ್ ಆಫ್ ಡಾಲರ್ಸ್’ ಎಂಬ ಚಿತ್ರ ತೆಗೆದರು. ಅದರ ಕಥೆ ಜಪಾನಿನ ಅಕಿರ ಕುರೊಸಾವರ ‘ಯೋಜಿಂಬೊ’ (1961) ಚಿತ್ರದ್ದು. ಅನುಮತಿ ಪಡೆಯದೆ ಬಳಸಿಕೊಂಡದ್ದಕ್ಕೆ ಆಮೇಲೆ ಪರಿಹಾರ ತೆರಬೇಕಾಯಿತು. ಆದರೂ ಚಿತ್ರ ಗೆದ್ದಿತು. ಅದರ ಬೆನ್ನಿಗೇ ಅದೇ ಬಗೆಯ ಚಿತ್ರಗಳು ನೂರಾರು ಬಂದವು. ಅಮೆರಿಕದ ಕಥೆಯನ್ನು ಇಟಲಿಯವರು ಹೇಳುವುದೇ ಎಂಬ ತಾತ್ಸಾರದಿಂದ ಟೀಕಾಕಾರರು ಅವುಗಳಿಗೆ ಇಟಲಿಯ ಶಾವಿಗೆಯ ಹೆಸರು ಅಂಟಿಸಿ ‘ಸ್ಪಾಗೆಟಿ ವೆಸ್ಟರ್ನ್’ ಎಂದು ಕರೆದರು. ಬೈಗುಳವಾಗಿ ಬಂದ ಹೆಸರೇ ಬಿರುದಾಗಿ ನಿಂತಿತು. ನಮ್ಮ ತಲೆಮಾರಿನವರು ಮುಗಿಬಿದ್ದು ನೋಡಿದ ‘ಮೆಕೆನ್ನಾಸ್ ಗೋಲ್ಡ್’ (1969) ಈ ಸಾಲಿಗೆ ಸೇರಿದ್ದಲ್ಲ, ಅದು ಅಮೆರಿಕದವರದೇ ಚಿತ್ರ. ಈ ಗೊಂದಲವನ್ನು ಬಹಳ ಮಂದಿಯಲ್ಲಿ ಕಂಡಿದ್ದೇನೆ.

ಈ ಚಿತ್ರಗಳ ಬಗೆಗೆ ತೀರ್ಪು ಕೊಡಲು ಜತ್ತ ತಾಲೂಕಿನ ನಾವು ಅಪಾತ್ರರೇನೂ ಅಲ್ಲ. ಅವುಗಳಲ್ಲಿ ಬಹುಪಾಲು ನಡೆಯುವುದು ಗಡಿಯಲ್ಲಿ. ಅಮೆರಿಕ ಒಂದು ಕಡೆ, ಮೆಕ್ಸಿಕೊ ಇನ್ನೊಂದು ಕಡೆ. ಸರಕಾರದ ಭಾಷೆ ಒಂದು, ಬಾವಿಕಟ್ಟೆಯ ಭಾಷೆ ಇನ್ನೊಂದು. ತೆರೆಯ ಮೇಲೆ ಕಾಣುವ ನೆಲ ಅಮೆರಿಕದ್ದೂ ಅಲ್ಲ, ಅನೇಕ ಚಿತ್ರಗಳಲ್ಲಿ ಅದು ಸ್ಪೇನಿನ ಅಲ್ಮೇರಿಯಾ ಪ್ರಾಂತದ ಬರಡು ಸೀಮೆ. ಒಣಗಿದ ಹಳ್ಳ, ಬೋಳು ಗುಡ್ಡ, ಧೂಳು, ನೆರಳಿಲ್ಲದ ಹಾದಿ. ಸೊಲ್ಲಾಪುರದ ಟಾಕೀಜಿನಲ್ಲಿ ಮೊದಲ ಸಲ ಅದನ್ನು ಕಂಡಾಗ ಇದು ನಮ್ಮ ವಳಸಂಗದ ಬೇಸಗೆಯಲ್ಲವೇ ಎಂದು ನಾನು ಬೆರಗಾಗಿದ್ದೆ. 1956ರ ಪುನರ್ವಿಂಗಡಣೆಯಲ್ಲಿ ಕರ್ನಾಟಕಕ್ಕೆ ಸೇರದೆ, 1960ರಲ್ಲಿ ಮಹಾರಾಷ್ಟ್ರದ ಪಾಲಾಗಿ, ಮನೆಯಲ್ಲಿ ಕನ್ನಡ, ಕಚೇರಿಯಲ್ಲಿ ಮರಾಠಿ ಎಂದು ಬಾಳಿದ ನಮಗೆ ಗಡಿಯ ಕಥೆಯನ್ನು ಯಾರೂ ಬಿಡಿಸಿ ಹೇಳಬೇಕಾಗಿಲ್ಲ.

ಈಗ ನಟರ ವಿಚಾರ. ಮೊದಲು ಈಸ್ಟ್‌ವುಡ್ ಅವರಿಗೆ ಸಲ್ಲಬೇಕಾದುದನ್ನು ಸಲ್ಲಿಸುತ್ತೇನೆ. ‘ರಾಹೈಡ್’ ಎಂಬ ದೂರದರ್ಶನ ಧಾರಾವಾಹಿಯಲ್ಲಿ ಕಾಣಿಸಿಕೊಳ್ಳುತ್ತಿದ್ದ ಅವರು 15,000 ಡಾಲರ್ ಸಂಭಾವನೆಗೆ ಈ ಪಾತ್ರವನ್ನು ಒಪ್ಪಿಕೊಂಡರು. ಚಿತ್ರಕಥೆಯಲ್ಲಿ ತಮ್ಮ ಪಾತ್ರಕ್ಕಿದ್ದ ಮಾತುಗಳನ್ನು ತಾವೇ ಕಡಿಮೆ ಮಾಡಿಸಿದರು. ಹೆಚ್ಚು ಮಾತು ಕೊಡಿ ಎಂದು ಕೇಳುವ ನಟರೇ ತುಂಬಿದ ಲೋಕದಲ್ಲಿ ಇದು ಜಾಣ್ಮೆಯ ನಿರ್ಧಾರ. ನಿಜಜೀವನದಲ್ಲಿ ಧೂಮಪಾನ ಮಾಡದ ಮನುಷ್ಯ ಆ ಚುಟ್ಟವನ್ನು ಹಲ್ಲಿನಲ್ಲಿ ಕಚ್ಚಿ, ಅದರ ಕಹಿಯನ್ನೇ ಮುಖಭಾವವಾಗಿಸಿಕೊಂಡರು. ಇದನ್ನು ಕಲೆಯಲ್ಲವೆನ್ನುವ ಮೂರ್ಖತನ ನನಗಿಲ್ಲ.

ಆದರೆ ಆ ಪಾತ್ರ ಎಂಥದು? ಊರಿಗೆ ಹೊರಗಿನಿಂದ ಬರುತ್ತಾನೆ, ಎರಡು ಬಣಗಳನ್ನು ಒಂದಕ್ಕೊಂದು ಎತ್ತಿಕಟ್ಟಿ ಎರಡೂ ಕಡೆ ಹಣ ಎಣಿಸಿಕೊಳ್ಳುತ್ತಾನೆ, ಹೆಣಗಳನ್ನು ಕೆಡವಿ ಹೊರಟುಹೋಗುತ್ತಾನೆ. ನಡುವೆ ಒಂದು ಬಡ ಕುಟುಂಬಕ್ಕೆ ಉಪಕಾರ ಮಾಡುತ್ತಾನೆ, ನಿಜ. ಆದರೆ ಅವನಿಗೆ ತಾಯಿತಂದೆ ಯಾರು, ಊರು ಯಾವುದು, ಕನಸಿನಲ್ಲಿ ಯಾವ ಭಾಷೆ ಆಡುತ್ತಾನೆ ಎಂಬುದು ನಮಗೆ ತಿಳಿಯುವುದಿಲ್ಲ. ಚಿತ್ರಗಳ ಒಳಗೆ ಅವನನ್ನು ಜೋ ಎಂದೋ, ಮಾಂಕೊ ಎಂದೋ, ಬ್ಲಾಂಡಿ ಎಂದೋ ಯಾರಾದರೂ ಕರೆಯುತ್ತಾರೆ. ‘ಹೆಸರಿಲ್ಲದ ಮನುಷ್ಯ’ ಎಂಬುದು ಅಮೆರಿಕದ ವಿತರಕರು ಪ್ರಚಾರಕ್ಕಾಗಿ ಕಟ್ಟಿದ ಬಿರುದು. ಲೋಕಕ್ಕೆ ಆ ಬಿರುದೇ ಇಷ್ಟವಾಯಿತು. ಹೆಸರಿಲ್ಲದವನು ಯಾರಿಗೂ ಉತ್ತರ ಹೇಳಬೇಕಾಗಿಲ್ಲವಷ್ಟೆ! ಕೊಂದವನ ಮೇಲೆ ಕೊಲೆಯ ಭಾರ ಹೇಗೆ ಕೂರುತ್ತದೆಂಬುದನ್ನು ಈಸ್ಟ್‌ವುಡ್ ಅವರೇ ಬಹಳ ವರ್ಷಗಳ ಮೇಲೆ ‘ಅನ್‌ಫರ್ಗಿವನ್’ (1992) ಚಿತ್ರದಲ್ಲಿ ತೋರಿಸಿ, ಆಸ್ಕರ್ ಪ್ರಶಸ್ತಿ ಪಡೆದರು. ತಮ್ಮ ಹರೆಯದ ಪಾತ್ರಕ್ಕೆ ತಾವೇ ಕೊಟ್ಟ ಉತ್ತರವದು. ಅವರ ಅಭಿಮಾನಿಗಳು ಮೊದಲಿನ ಚಿತ್ರಗಳ ಭಂಗಿಯನ್ನು ಕಲಿತರೇ ಹೊರತು ಈ ಉತ್ತರವನ್ನು ಕಲಿಯಲಿಲ್ಲ.

ಮೌನದ ಹಿರಿಮೆಯನ್ನು ಹೇಳುವ ಮಿತ್ರರು ಸೆರ್ಜಿಯೊ ಕೊರ್ಬುಚಿ ಅವರ ‘ದ ಗ್ರೇಟ್ ಸೈಲೆನ್ಸ್’ (1968) ನೋಡಲಿ. ಫ್ರಾನ್ಸಿನ ಜಾಂ-ಲೂಯಿ ತ್ರಿಂತಿಞಾ ಅವರು ಅಲ್ಲಿ ಮೂಕನಾಗಿದ್ದಾರೆ. ಆ ನಾಯಕ ಮಾತಾಡದಿರುವುದು ಠೀವಿಗಾಗಿ ಅಲ್ಲ; ಕಂಡದ್ದನ್ನು ಹೇಳಬಾರದೆಂದು ಬಾಲ್ಯದಲ್ಲಿಯೇ ಅವನ ಗಂಟಲನ್ನು ಕೊಯ್ದಿದ್ದಾರೆ. ಬಾಯಿ ಕಟ್ಟಿಸಿಕೊಂಡವನ ಮೌನವನ್ನೂ, ಬಾಯಿದ್ದೂ ಮಾತಾಡಲು ಮನಸ್ಸಿಲ್ಲದವನ ಮೌನವನ್ನೂ ಒಂದೇ ತಕ್ಕಡಿಯಲ್ಲಿ ತೂಗಬಾರದು.

ಇನ್ನು ಲೀ ವಾನ್ ಕ್ಲೀಫ್. ಅಮೆರಿಕದ ಚಿತ್ರರಂಗ ಬಹುಮಟ್ಟಿಗೆ ಮರೆತುಬಿಟ್ಟಿದ್ದ ಈ ನಟರು ಚಿತ್ರ ಬರೆಯುವ ಕಸುಬು ಮಾಡಿಕೊಂಡಿದ್ದಾಗ ಲಿಯೋನೆ ಅವರನ್ನು ಹುಡುಕಿ ತಂದರು. ‘ಫಾರ್ ಎ ಫ್ಯೂ ಡಾಲರ್ಸ್ ಮೋರ್’ (1965) ಚಿತ್ರದ ಕರ್ನಲ್ ಮಾರ್ಟಿಮರ್ ಪಾತ್ರ ಅವರದು. ಅವನೂ ಮಿತಭಾಷಿಯೇ, ಆದರೆ ಅವನ ಎದೆಯಲ್ಲಿ ಸತ್ತ ತಂಗಿಯಿದ್ದಾಳೆ. ಕೊನೆಗೆ ತಲೆಗಳ ಮೇಲಿನ ಬಹುಮಾನದ ಹಣವನ್ನೆಲ್ಲ ಜೊತೆಗಾರನಿಗೇ ಬಿಟ್ಟು ಅವನು ಹೊರಟುಹೋಗುತ್ತಾನೆ. ಒಂದೇ ಚಿತ್ರದಲ್ಲಿ ಇಬ್ಬರನ್ನೂ ಅಕ್ಕಪಕ್ಕ ನಿಲ್ಲಿಸಿ ನೋಡಿದರೆ, ವಾನ್ ಕ್ಲೀಫ್ ಅವರ ಕಣ್ಣಿನಲ್ಲಿ ಒಂದು ಮನೆ ಕಾಣುತ್ತದೆ, ಈಸ್ಟ್‌ವುಡ್ ಅವರ ಕಣ್ಣಿನಲ್ಲಿ ದಾರಿ ಮಾತ್ರ ಕಾಣುತ್ತದೆ. ‘ಜಾಂಗೊ’ (1966) ಚಿತ್ರದ ಫ್ರಾಂಕೊ ನೀರೊ ಅವರಿಗೂ ನಾನು ತಲೆದೂಗುತ್ತೇನೆ. ಕೆಸರಿನಲ್ಲಿ ಶವಪೆಟ್ಟಿಗೆಯನ್ನು ಎಳೆದುಕೊಂಡು ಬರುವ ಆ ನಡಿಗೆಯಲ್ಲಿ ದಣಿವು ಇದೆ. ಆಗ ಅವರಿಗೆ ವಯಸ್ಸು ಇಪ್ಪತ್ತನಾಲ್ಕರ ಆಸುಪಾಸು! ಕಡೆಯಲ್ಲಿ ಎರಡೂ ಕೈ ಜಜ್ಜಿಹೋದ ನಾಯಕನನ್ನು ತೋರಿಸಲು ಧೈರ್ಯ ಬೇಕು. ಆದರೂ ಪೆಟ್ಟಿಗೆಯೊಳಗಿನ ಯಂತ್ರದ ಬಂದೂಕು ಹೊರಬಂದ ಗಳಿಗೆಯಿಂದ ನಟನಿಗಿಂತ ಬಂದೂಕೇ ದೊಡ್ಡದಾಗಿಬಿಡುತ್ತದೆ.

ಹೆಸರಿನ ವಿಚಾರ ಬಂತು, ಇದನ್ನೂ ಹೇಳಿಬಿಡುತ್ತೇನೆ. ಈ ಚಿತ್ರಗಳ ಇಟಲಿಯ ನಟರು ಪರದೆಯ ಮೇಲೆ ಅಮೆರಿಕದ ಹೆಸರು ಹೊತ್ತರು. ಮಾರಿಯೊ ಜಿರೊತ್ತಿ ಟೆರೆನ್ಸ್ ಹಿಲ್ ಆದರು. ಇಟಲಿಯ ಪರವಾಗಿ ಒಲಿಂಪಿಕ್ಸಿನಲ್ಲಿ ಈಜಿದ ಕಾರ್ಲೊ ಪೆದೆರ್ಸೋಲಿ ಬಡ್ ಸ್ಪೆನ್ಸರ್ ಆದರು. ಜುಲಿಯಾನೊ ಜೆಮ್ಮಾ ಮಾಂಟ್ಗೊಮರಿ ವುಡ್ ಆದರು. ಲಿಯೋನೆಯವರೇ ಮೊದಲ ಚಿತ್ರಕ್ಕೆ ಬಾಬ್ ರಾಬರ್ಟ್‌ಸನ್ ಎಂದು ಸಹಿ ಹಾಕಿದರು. ಧ್ವನಿಯ ಕಥೆಯೂ ಇದೇ. ಚಿತ್ರೀಕರಣದಲ್ಲಿ ಒಬ್ಬೊಬ್ಬರು ತಮ್ಮ ತಮ್ಮ ಭಾಷೆ ಆಡುವುದು, ಆಮೇಲೆ ಬೇರೊಬ್ಬರ ಕಂಠ ಜೋಡಿಸುವುದು ಅಲ್ಲಿನ ವಾಡಿಕೆ. ಇಟಲಿಯ ಪ್ರೇಕ್ಷಕರು ಕೇಳಿದ ಈಸ್ಟ್‌ವುಡ್ ಕಂಠ ಎನ್ರಿಕೊ ಮಾರಿಯಾ ಸಲೆರ್ನೊ ಎಂಬ ನಟರದು. ವ್ಯಾಪಾರಕ್ಕೆ ಅದು ಅನಿವಾರ್ಯವಾಗಿದ್ದಿರಬಹುದು. ನಾನು ಅವರನ್ನು ಹಳಿಯುವುದಿಲ್ಲ. ಆದರೆ ಹೆಸರನ್ನೂ ಕಂಠವನ್ನೂ ಬದಲಿಸಿಕೊಂಡರೇನೇ ದೊಡ್ಡ ಪೇಟೆಯಲ್ಲಿ ಮಾರಾಟ ಎಂಬ ಮಾತು ಗಡಿನಾಡಿನವರ ಕಿವಿಗೆ ಬಹಳ ಪರಿಚಿತವಾದದ್ದು.

ಹಾಗಾದರೆ ನನ್ನ ಪಕ್ಷ ಯಾರದು? ಎರಡನೆಯ ಸ್ಥಾನವನ್ನು ಈಲೈ ವಾಲಕ್ ಅವರಿಗೆ ಕೊಡುತ್ತೇನೆ. ‘ದ ಗುಡ್, ದ ಬ್ಯಾಡ್ ಆ್ಯಂಡ್ ದ ಅಗ್ಲಿ’ (1966) ಚಿತ್ರದ ಟೂಕೊ ಕಳ್ಳ, ಸುಳ್ಳ, ವಾಚಾಳಿ. ಆದರೆ ಆ ಮೂವರಲ್ಲಿ ಉದ್ದನೆಯ ಪೂರ್ಣ ಹೆಸರಿರುವುದು ಅವನಿಗೊಬ್ಬನಿಗೇ, ಹಸಿವು ಇರುವುದು ಅವನಿಗೇ, ಒಡಹುಟ್ಟಿದವನಿರುವುದೂ ಅವನಿಗೇ. ಸಂನ್ಯಾಸಿಯಾದ ಅಣ್ಣನನ್ನು ಮಠದಲ್ಲಿ ಕಾಣುವ ದೃಶ್ಯ ನೆನೆಸಿಕೊಳ್ಳಿ. ತಾಯಿತಂದೆ ತೀರಿಕೊಂಡ ಸುದ್ದಿ ಅವನಿಗೆ ತಿಳಿಯುವುದು ಅಲ್ಲಿ. ನಮ್ಮಂಥ ಬಡ ಊರಿನಲ್ಲಿ ಹೊಟ್ಟೆ ತುಂಬಲು ಇರುವುದು ಎರಡೇ ದಾರಿ, ಕಾವಿ ಇಲ್ಲವೇ ಕಳವು. ನೀನು ಸುಲಭದ್ದನ್ನು ಆರಿಸಿಕೊಂಡೆ, ನಾನು ಕಷ್ಟದ್ದನ್ನು ಹಿಡಿದೆ ಎಂಬರ್ಥದಲ್ಲಿ ಅವನು ಅಣ್ಣನಿಗೆ ತಿರುಗಿ ಹೇಳುತ್ತಾನೆ. ಹೊರಗೆ ಬಂದು ಜೊತೆಗಾರನ ಮುಂದೆ, ಅಣ್ಣ ತನ್ನನ್ನು ಬಹಳ ಪ್ರೀತಿಯಿಂದ ಕಂಡನೆಂದು ಸುಳ್ಳಾಡುತ್ತಾನೆ. ಮನೆಯ ಮರ್ಯಾದೆ ಉಳಿಸಲು ಆಡಿದ ಆ ಒಂದು ಸುಳ್ಳಿಗಾಗಿ ನಾನು ನೂರು ಮೌನಗಳನ್ನು ಬಿಟ್ಟುಕೊಡಬಲ್ಲೆ.

ಮೊದಲನೆಯ ಸ್ಥಾನ ಜಾನ್ ಮಾರಿಯಾ ವೊಲೊಂತೆ ಅವರಿಗೆ. 1933ರಲ್ಲಿ ಮಿಲಾನಿನಲ್ಲಿ ಹುಟ್ಟಿದ ಈ ನಟರು ರಂಗಭೂಮಿಯಿಂದ ಬಂದವರು. ಈಸ್ಟ್‌ವುಡ್ ನಾಯಕರಾಗಿದ್ದ ಮೊದಲೆರಡು ಚಿತ್ರಗಳಲ್ಲಿ ಖಳನಾಯಕರು ಇವರೇ. ಮೊದಲ ಚಿತ್ರದಲ್ಲಿ ಇವರಿಗೂ ಜಾನ್ ವೆಲ್ಸ್ ಎಂಬ ಎರವಲು ಹೆಸರು ಅಂಟಿಸಲಾಗಿತ್ತು. ಅದನ್ನು ಕೊಡವಿಕೊಂಡು ಮುಂದೆ ಸ್ವಂತ ಹೆಸರಿನಿಂದಲೇ ದೊಡ್ಡವರಾದರು. ‘ಎ ಬುಲೆಟ್ ಫಾರ್ ದ ಜನರಲ್’ (1966) ಎಂಬ ದಾಮಿಯಾನೊ ದಾಮಿಯಾನಿ ಅವರ ಚಿತ್ರದಲ್ಲಿ ಎಲ್ ಚುಂಚೊ ಎಂಬ ದರೋಡೆಕೋರನ ಮುಖ್ಯ ಪಾತ್ರ ಇವರದು. ಚುಂಚೊ ನಗುತ್ತಾನೆ, ಕುಡಿಯುತ್ತಾನೆ, ಬಡಾಯಿ ಕೊಚ್ಚುತ್ತಾನೆ. ಕ್ರಾಂತಿಕಾರರಿಗೆ ಬಂದೂಕು ಮಾರಿ ಲಾಭ ಮಾಡುವುದೇ ಅವನ ಉದ್ಯೋಗ. ತನ್ನನ್ನು ನಂಬಿದ್ದ ಹಳ್ಳಿಯನ್ನು ಕಾವಲಿಲ್ಲದೆ ಬಿಟ್ಟು ಹೋದದ್ದರಿಂದ ಅಲ್ಲಿಯ ಜನ ಸತ್ತರೆಂದು ತಿಳಿದಾಗ ಅವನು ತಪ್ಪಿಸಿಕೊಳ್ಳುವುದಿಲ್ಲ, ಶಿಕ್ಷೆಗೆ ತಲೆಬಾಗುತ್ತಾನೆ. ಹೊರಗಿನಿಂದ ಬಂದ ಅಮೆರಿಕದವನೊಬ್ಬ ಅವನನ್ನು ಉಳಿಸಿ, ಬಂಗಾರ ಕೊಟ್ಟು, ಒಳ್ಳೆಯ ಬಟ್ಟೆ ಹಾಕಿಸಿ, ತನ್ನ ದೇಶಕ್ಕೆ ಕರೆದೊಯ್ಯಲು ರೈಲು ನಿಲ್ದಾಣಕ್ಕೆ ತರುತ್ತಾನೆ. ಅಲ್ಲಿ ಟಿಕೆಟಿನ ಕಿಂಡಿಯ ಮುಂದೆ ಬಡವರ ಸಾಲು. ಅಮೆರಿಕದವನು ಆ ಸಾಲನ್ನು ತಳ್ಳಿಕೊಂಡು ಮುಂದೆ ಹೋಗುತ್ತಾನೆ. ಚುಂಚೊ ಅದನ್ನು ನೋಡುತ್ತಾನೆ. ಅಷ್ಟೇ. ಆ ನೋಟದಲ್ಲಿ ಒಬ್ಬ ಕಳ್ಳ ತನ್ನ ಜನ ಯಾರೆಂಬುದನ್ನು ಗುರುತಿಸುತ್ತಾನೆ. ಆಮೇಲೆ ಗುಂಡು ಹಾರುತ್ತದೆ. ಏಕೆ ಕೊಂದೆ ಎಂದರೆ ಹೇಳಲು ಅವನಿಗೆ ಮಾತು ಸಿಗುವುದಿಲ್ಲ. ಆ ಕಡೆಯ ಗುಂಡನ್ನೂ, ಕೊನೆಯಲ್ಲಿ ಅವನು ಕೊಡುವ ಸಿಡಿಮದ್ದಿನ ಉಪದೇಶವನ್ನೂ ಜೀವನವಿಡೀ ಮಕ್ಕಳಿಗೆ ಪಾಠ ಹೇಳಿದ ನಾನು ಒಪ್ಪಲಾರೆ. ನಟನೆಯನ್ನು ಮಾತ್ರ ತಲೆಬಾಗಿ ಒಪ್ಪುತ್ತೇನೆ. ಈಸ್ಟ್‌ವುಡ್ ಅವರ ಪಾತ್ರ ಚಿತ್ರದ ಮೊದಲಲ್ಲಿ ಇದ್ದಂತೆಯೇ ಕೊನೆಯಲ್ಲಿಯೂ ಇರುತ್ತದೆ. ವೊಲೊಂತೆ ಅವರ ಪಾತ್ರ ನಮ್ಮ ಕಣ್ಣೆದುರಿಗೇ ಬೇರೆ ಮನುಷ್ಯನಾಗುತ್ತದೆ. ನಟನನ್ನು ಅಳೆಯಲು ನನ್ನಲ್ಲಿರುವ ಕೋಲು ಇದೊಂದೇ.

ಪ್ರತಿಪಕ್ಷದವರು ಇಲ್ಲಿ ನನ್ನನ್ನು ಹಿಡಿಯಬಹುದು. ಮಿಲಾನಿನ ವೊಲೊಂತೆ, ಬ್ರೂಕ್ಲಿನ್ನಿನ ವಾಲಕ್ ಇಬ್ಬರೂ ಮುಖಕ್ಕೆ ಬಣ್ಣ ಬಳಿದುಕೊಂಡು ಮೆಕ್ಸಿಕೊದವರಾದವರು. ನಾವು ಇಂಗ್ಲಿಷ್ ಪ್ರತಿಯಲ್ಲಿ ಕೇಳಿದ ವೊಲೊಂತೆಯ ಕಂಠವೂ ಅವರದಲ್ಲ. ಹೀಗಿರುವಾಗ ಊರು, ಭಾಷೆ, ಹೆಸರು ಎಂಬ ನಿಮ್ಮ ವಾದ ಎಲ್ಲಿ ನಿಂತಿತು ಎಂದು ಕೇಳಬಹುದು. ಆಕ್ಷೇಪ ನ್ಯಾಯವಾದದ್ದೇ. ಗಡಿಯವರ ಕಥೆಯಲ್ಲಿ ಗಡಿಯವರಿಗೇ ಮುಖ್ಯ ಪಾತ್ರ ಸಿಗಲಿಲ್ಲ. ಆ ಕೊರತೆಯನ್ನು ಇಟಲಿಯವರು ತುಂಬಿಕೊಡಲಾರರು. ನಮ್ಮ ಪಾಲಿನ ಕೊರತೆಯನ್ನು ನಾವೇ ತುಂಬಿಕೊಳ್ಳಬೇಕು. ಹೇಗೆ ಎಂದರೆ, ನಮ್ಮ ತಾಲೂಕಿನತ್ತಲೇ ತಿರುಗಿ ನೋಡಿರಿ ಎನ್ನುತ್ತೇನೆ.

ಹಿತ್ತಲ ಗಿಡ ಮದ್ದಲ್ಲ ಎಂಬ ಗಾದೆ ನಮಗೆ ಒಪ್ಪುವಷ್ಟು ಬೇರೆ ಯಾರಿಗೂ ಒಪ್ಪದು. ಸಿಂಧೂರು ನಮ್ಮ ಜತ್ತ ತಾಲೂಕಿನದೇ ಹಳ್ಳಿ. ಆಗಿನ ಜತ್ತ ಸಂಸ್ಥಾನಕ್ಕೆ ಸೇರಿದ್ದ ಆ ಊರಿನ ಲಕ್ಷ್ಮಣ, ತನ್ನ ಅಳಿಯಂದಿರನ್ನು ಕಟ್ಟಿಕೊಂಡು, ಉಳ್ಳವರ ಮನೆ ಒಡೆದು ಇಲ್ಲದವರಿಗೆ ಹಂಚಿ, ಬ್ರಿಟಿಷರ ಪೋಲೀಸರನ್ನು ಕಂಗೆಡಿಸಿ, 1920ರ ದಶಕದ ಮೊದಲಲ್ಲಿ ಬೀಳಗಿಯ ಸೀಮೆಯಲ್ಲಿ ಮೋಸಕ್ಕೆ ಬಲಿಯಾದನೆಂದು ನಮ್ಮ ಹಿರಿಯರು ಹೇಳುತ್ತ ಬಂದರು. ಲಾವಣಿಯಲ್ಲಿ ಹಾಡಿದರು, ನಾಟಕ ಕಂಪನಿಗಳು ಅವನನ್ನು ರಂಗಕ್ಕೆ ತಂದವು. ಉತ್ತರ ಕರ್ನಾಟಕದ ಜಾತ್ರೆಗಳಲ್ಲಿ ‘ಸಿಂಧೂರ ಲಕ್ಷ್ಮಣ’ ನಾಟಕ ಕಾಣದ ತಲೆಮಾರಿಲ್ಲ. ಬೆಂಗಳೂರಿನ ಚಿತ್ರಗಳಲ್ಲಿ ಖಳನಾಗಿಯೇ ಜನರಿಗೆ ಪರಿಚಿತರಾಗಿದ್ದ ನಟ ಸುಧೀರ್ ಅವರು ರಂಗದ ಮೇಲೆ ಈ ಲಕ್ಷ್ಮಣನಾಗಿ ಮನೆಮಾತಾದರು. ತೆರೆಯ ಖಳ, ರಂಗದ ನಾಯಕ! ಇಟಲಿಯ ವೊಲೊಂತೆ ಅವರ ಕಥೆಯೂ ಇದಕ್ಕೆ ಬಹಳ ದೂರವಲ್ಲ. ಇನ್ನು ಹೆಸರನ್ನು ಗಮನಿಸಿ. ಆ ಪರದೇಶಿ ನಾಯಕನಿಗೆ ಹೆಸರೇ ಇಲ್ಲ, ಇವನ ಹೆಸರು ಊರಿನಿಂದಲೇ ಸುರುವಾಗುತ್ತದೆ.

ಇಷ್ಟೆಲ್ಲ ಬರೆಯಲು ನಿಜವಾದ ಕಾರಣವನ್ನು ಈಗ ಹೇಳುತ್ತೇನೆ. ಕೆಲವು ವರ್ಷಗಳ ಹಿಂದೆ ಸಮೀಪದ ಊರಿನ ಜಾತ್ರೆಯಲ್ಲಿ ಇದೇ ನಾಟಕಕ್ಕೆ ಹೋಗಿದ್ದೆ. ಲಕ್ಷ್ಮಣನ ಪಾತ್ರ ಮಾಡಿದವನು ನನ್ನ ಹಳೆಯ ವಿದ್ಯಾರ್ಥಿ, ಒಳ್ಳೆಯ ಮೈಕಟ್ಟು, ಒಳ್ಳೆಯ ಕಂಠ. ಆದರೆ ಅವನು ರಂಗಕ್ಕೆ ಬಂದದ್ದು ಬೀಡಿಯನ್ನು ತುಟಿಯ ಮೂಲೆಗೆ ಸಿಕ್ಕಿಸಿಕೊಂಡು, ಕಣ್ಣು ಕಿರಿದು ಮಾಡಿ, ಕಾಲು ಅಗಲಿಸಿ ನಿಂತು. ಊರವರು ಕಷ್ಟ ಹೇಳಿಕೊಂಡಾಗ ಇವನಿಂದ ಉತ್ತರವಿಲ್ಲ, ಒಂದು ನೋಟ ಮಾತ್ರ. ಮುಂದಿನ ಸಾಲಿನ ಹುಡುಗರು ಸಿಳ್ಳೆ ಹಾಕಿದರು. ಆಡಿದ ನಾಲ್ಕಾರು ಮಾತುಗಳೂ ಬೆಂಗಳೂರು ಸಿನಿಮಾದ ಕನ್ನಡದಲ್ಲಿದ್ದವು. ‘ಏನ ಮಾಡಾಕತ್ತೀರಿ’ ಎನ್ನಬೇಕಾದಲ್ಲಿ ‘ಏನ್ ಮಾಡ್ತಿದೀರಾ’ ಎಂದ. ನನ್ನ ಪಕ್ಕದಲ್ಲಿ ಕಂಬಳಿಯ ಮೇಲೆ ಕುಳಿತಿದ್ದ ವಯಸ್ಸಾದ ಹೆಣ್ಣುಮಗಳೊಬ್ಬಳು ಬಹಳ ಹೊತ್ತು ನೋಡಿ, ತನ್ನ ಮೊಮ್ಮಗನನ್ನು ಕೇಳಿದಳು: “ಇಂವಾ ಯಾವೂರಾಂವೋ?”

ಲಕ್ಷ್ಮಣನನ್ನು ಕುರಿತು ಅವನ ತಾಲೂಕಿನಲ್ಲಿಯೇ ಇಂಥ ಪ್ರಶ್ನೆ ಬಂದದ್ದು ನನ್ನ ಕಿವಿಯಲ್ಲಿ ಇನ್ನೂ ಇದೆ. ನಾಟಕ ಮುಗಿದ ಮೇಲೆ ಬಣ್ಣದ ಕೋಣೆಗೆ ಹೋಗಿ, “ತಮ್ಮಾ, ಮಾತು ಯಾಕ ಕಡಿಮಿ ಮಾಡಿದಿ?” ಎಂದೆ. “ಹಳೇ ಮಾತು ಬಾಳ ಉದ್ದ ಅದಾವ್ರಿ ಸರ, ಈಗಿನವರು ಕೇಳಂಗಿಲ್ಲ. ಮತ್ತ ನಮ್ಮ ಮಾತು ಆಡಿದ್ರ ನಗತಾರ್ರಿ” ಎಂದ. ಹುಡುಗನ ತಪ್ಪಲ್ಲ ಅದು. ಕಾಮಿಡಿ ಪಾತ್ರಕ್ಕೆ ಮಾತ್ರ ನಮ್ಮ ಮಾತು, ನಾಯಕನಿಗೆ ಪರಸ್ಥಳದ ಮಾತು ಎಂದು ಅವನಿಗೆ ಕಲಿಸಿದವರು ನಾವು. ಶಾಲೆಯಲ್ಲಿ ಅವನ ಆಡುಮಾತನ್ನು ತಿದ್ದಿದ ಗುರುಗಳಲ್ಲಿ ನಾನೂ ಒಬ್ಬ. ಗ್ರಂಥದ ಕನ್ನಡ ಕಲಿಸಿದ್ದಕ್ಕೆ ನನಗೆ ಪಶ್ಚಾತ್ತಾಪವಿಲ್ಲ, ಅದು ಬೇಕು. ಮನೆಯ ಕನ್ನಡ ನಾಚಿಕೆಯದೆಂಬ ಭಾವ ಮೂಡುವಂತೆ ತಿದ್ದಿದ್ದಕ್ಕೆ ಇದೆ.

ಪ್ರೇಕ್ಷಕರು ಮಾತು ಕೇಳುವುದಿಲ್ಲವೆಂಬುದೂ ಸುಳ್ಳು. ನಮ್ಮ ರಾಮನಗರದ ಬೆಟ್ಟಗಳ ನಡುವೆ ಚಿತ್ರೀಕರಣವಾದ ‘ಶೋಲೆ’ (1975) ಈ ಇಟಲಿಯ ಚಿತ್ರಗಳ ಋಣವನ್ನು ಹೊತ್ತದ್ದೇ. ಅದರಲ್ಲಿ ಇಬ್ಬಿಬ್ಬರು ದೊಡ್ಡ ನಾಯಕರಿದ್ದರೂ ಜನರ ನಾಲಗೆಯ ಮೇಲೆ ಇಂದಿಗೂ ಉಳಿದವನು ಗಬ್ಬರ್. ರಂಗಭೂಮಿಯ ಅನುಭವದಿಂದ ಬಂದ ಅಮ್ಜದ್ ಖಾನ್ ಅವರು ಅವನಿಗೆ ಕೊಟ್ಟದ್ದು ಮಾತಿನ ಸೊಗಡು. ಜನ ಬೇಸರಪಡುವುದು ಉದ್ದ ಮಾತಿಗಲ್ಲ, ಜೀವವಿಲ್ಲದ ಮಾತಿಗೆ.

ಆದುದರಿಂದ ಸಂಘದ ಬಂಧುಗಳಲ್ಲಿ ನನ್ನದೊಂದು ಅರಿಕೆ. ಮುಂದಿನ ಸಮ್ಮೇಳನದ ಸಂಜೆಯ ಕಾರ್ಯಕ್ರಮಕ್ಕೆ ಹೊರಗಿನಿಂದ ವಾದ್ಯವೃಂದ ಕರೆಸುವುದರ ಬದಲು ‘ಸಿಂಧೂರ ಲಕ್ಷ್ಮಣ’ ನಾಟಕವಾಡಿಸೋಣ. ನಮ್ಮ ತಾಲೂಕಿನ ಹುಡುಗರೇ ಪಾತ್ರ ಮಾಡಲಿ, ಮಾತುಗಳನ್ನು ಕತ್ತರಿಸದಿರಲಿ, ಲಕ್ಷ್ಮಣ ನಮ್ಮ ಜತ್ತದ ಕನ್ನಡ ಆಡಲಿ. ಪೇಟಿ ಮಾಸ್ತರರನ್ನು ಹುಡುಕುವ ಹೊಣೆ ಸಂಘ ಹೊರಲಿ; ಮಾತು ಕಲಿಸುವ ಹೊಣೆಯನ್ನು ಈ ವಯಸ್ಸಿನಲ್ಲಿಯೂ ನಾನು ಹೊರುತ್ತೇನೆ. ಹಿಂದೆ ತಿದ್ದಿದ್ದನ್ನು ಒಂದಿಷ್ಟು ಮರಳಿ ತಿದ್ದಲು ನನಗೂ ಒಂದು ಅವಕಾಶವಾದೀತು.

ಈಸ್ಟ್‌ವುಡ್ ಪಕ್ಷದ ಆ ತರುಣ ಈ ಬರಹವನ್ನು ಓದಿ ಕೋಪಿಸಿಕೊಂಡರೆ ನನಗೆ ಸಂತೋಷವೇ. ಅವನು ತಾಲೀಮಿಗೆ ಬರಲಿ, ವಾದವನ್ನು ಅಲ್ಲಿ ಮುಂದುವರಿಸೋಣ. ಬರುವಾಗ ಬೀಡಿಯೊಂದನ್ನು ಮನೆಯಲ್ಲಿಯೇ ಬಿಟ್ಟು ಬರಲಿ.